ವಿಮಾ ವೃತ್ತಿಯ ನಿಜವಾದ ಬಂಡವಾಳ



ವಿಮಾ ಏಜೆನ್ಸಿ ತೆರೆಯಬಯಸುವ ದಟ್ಟಗಳ್ಳಿಯ ಯುವಕರಿಗೆ ನಾವು ಹೇಳುವುದು ಇಷ್ಟೇ. ಹತ್ತನೇ ತರಗತಿಯ ತೇರ್ಗಡೆ, ತರಬೇತಿ, ಪರೀಕ್ಷೆ ಇವಿಷ್ಟಿದ್ದರೆ ಈ ವೃತ್ತಿಯ ಬಾಗಿಲು ತೆರೆಯುತ್ತದೆ. ಹಲವು ಕಂಪೆನಿಗಳ ಪಾಲಿಸಿಗಳನ್ನು ಮಾರಬಯಸುವ ಹೊಸಬರು ಬ್ರೋಕರ್ ಸಂಸ್ಥೆಯೊಂದರ ಮಾರಾಟ ಪ್ರತಿನಿಧಿಯಾಗಿ ಆರಂಭಿಸಬಹುದು.

ಆದರೆ ಮೊದಲ ಗ್ರಾಹಕರು ಬಂಧುಗಳು, ನೆರೆಯವರೇ ಆಗಿರುತ್ತಾರೆ. ಕಮಿಷನ್ನಿನ ಆಸೆಗೆ ಆರೋಗ್ಯ ವಿಮೆಯ ಅರ್ಜಿಯಲ್ಲಿ ಅವರ ಮಧುಮೇಹವನ್ನು ಮರೆಮಾಚಿದರೆ, ನಾಳೆ ಆಸ್ಪತ್ರೆಯ ಬಿಲ್ಲನ್ನು ಕಂಪೆನಿ ತಿರಸ್ಕರಿಸೀತು. ಸಾಲಕ್ಕೆ ಬೀಳುವುದು ಆ ಕುಟುಂಬ. ಕಮಿಷನ್ನಿನಲ್ಲಿ ಪಾಲು ಕೊಡುವ ಆಮಿಷವನ್ನು 1938ರ ವಿಮಾ ಕಾಯ್ದೆಯ 41ನೆಯ ಕಲಮು ನಿಷೇಧಿಸಿದೆ. ಅರ್ಜಿಯನ್ನು ಓದಿ ಹೇಳಿ, ಸತ್ಯವನ್ನೇ ಬರೆದು ಸಹಿ ಪಡೆಯಿರಿ. ಪಾಲಿಸಿ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮರಳಿಸಬಹುದೆಂದೂ ತಿಳಿಸಿರಿ. ನಂಬಿಕೆಯು ಅಮಾನತ್ತು, ಅದುವೇ ಈ ವ್ಯಾಪಾರದ ಬಂಡವಾಳ.