ಕೊರತೆಯ ಕಾಲದಲ್ಲಿ ಕೃತಜ್ಞತೆ



ಕರಾವಳಿಯ ಕ್ರೈಸ್ತರಿಗೆ ಸೆಪ್ಟೆಂಬರ್ 8 ಅಂದರೆ ಮೊಂತಿ ಹಬ್ಬ, ಮಾತೆ ಮರಿಯಳ ಜನ್ಮದಿನ. ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ನಾಲ್ಕು ಕಾಳು ಸುಲಿದು, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತೇವೆ. ನಿಮ್ಮಲ್ಲಿ ಅನೇಕರ ಮನೆಯಲ್ಲೂ ತೆನೆ ಕಟ್ಟುವ ಪದ್ಧತಿ ಇದೆ. ಬೆಳೆ ಬಂದಾಗ ದೇವರನ್ನು ನೆನೆಯುವುದು ನಮಗೆಲ್ಲ ಗೊತ್ತು. ಬೆಳೆ ಬಾರದ ವರ್ಷ ಏನು ಮಾಡುವುದು? ಇವತ್ತು ನಾನು ಮಾತಾಡಬೇಕೆಂದಿರುವುದು ಅದನ್ನೇ.

ಬೈಬಲ್‌ನಲ್ಲಿ ಹಬಕ್ಕೂಕ ಎಂಬ ಪ್ರವಾದಿಯ ಪುಟ್ಟ ಗ್ರಂಥವಿದೆ, ಮೂರೇ ಅಧ್ಯಾಯ. ಅದರ ಕೊನೆಯಲ್ಲಿ ಒಂದು ಪಟ್ಟಿ ಬರುತ್ತದೆ: ಅಂಜೂರ, ದ್ರಾಕ್ಷಿ, ಆಲಿವ್, ಹೊಲ, ಕುರಿಹಟ್ಟಿ, ಕೊಟ್ಟಿಗೆ. ಎಲ್ಲವೂ ಬರಿದು. ಅದಾದ ಮೇಲೆಯೇ, ಆದರೂ ದೇವರಲ್ಲಿ ಸಂತೋಷಪಡುವೆ ಎಂಬ ಮಾತು. ಇಲ್ಲದ್ದನ್ನು ಇಲ್ಲ ಎಂದು ಹೇಳಿಯೇ ಆತ ಮುಂದಕ್ಕೆ ಹೋಗುತ್ತಾನೆ. ಎಲ್ಲ ಚೆನ್ನಾಗಿದೆ ಎಂದು ನಟಿಸುವುದು ವಿಶ್ವಾಸವಲ್ಲ.

ಎರಡು ವರ್ಷದ ಹಿಂದೆ ನಮ್ಮ ಪ್ರಾಜೆಕ್ಟ್ ನಿಂತಿತು, ಅದರ ಜೊತೆ ನನ್ನ ಕೆಲಸವೂ ಹೋಯಿತು. ಏಳು ತಿಂಗಳು ಸಂಬಳವಿಲ್ಲ. ಮನೆ ಸಾಲದ ಇಎಂಐ, ಮಗನ ಸ್ಕೂಲ್ ಫೀ ಮಾತ್ರ ತಾರೀಕು ತಪ್ಪದೆ ಬರುತ್ತಿದ್ದವು. ಎಕ್ಸೆಲ್ ಶೀಟ್‌ನಲ್ಲಿ ಲೆಕ್ಕ ಹಾಕಿದರೆ ಮೂರನೇ ತಿಂಗಳಿನಿಂದ ಆಚೆಗೆ ಎಲ್ಲ ಕೆಂಪು.

ಆಗ ವಿಮೋಚನಕಾಂಡದ 16ನೇ ಅಧ್ಯಾಯವನ್ನು ಮತ್ತೆ ಓದಿದೆ. ಮರುಭೂಮಿಯಲ್ಲಿ ಇಸ್ರಾಯೇಲರಿಗೆ ಮನ್ನ ಸಿಕ್ಕಿದ್ದು ತಲೆಗೆ ಒಂದು ಓಮೆರ್, ಅಂದರೆ ಸುಮಾರು ಎರಡು ಲೀಟರ್ ಅಳತೆ. ಅದು ಆ ದಿನಕ್ಕೆ ಮಾತ್ರ. ಮರುದಿನಕ್ಕೆಂದು ಇಟ್ಟುಕೊಂಡದ್ದಕ್ಕೆ ಹುಳ ಬಿತ್ತು. ಹಾಗೆಂದು ಮುಂದಾಲೋಚನೆ ಬೇಡ ಎಂದಲ್ಲ. ವಿಶ್ರಾಂತಿ ದಿನಕ್ಕಾಗಿ ಆರನೆಯ ದಿನ ಎರಡರಷ್ಟು ಕೂಡಿಸಲು ಹೇಳಿತ್ತು. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಕೇಳುವುದೂ ಆ ದಿನದ ಆಹಾರವನ್ನೇ. ಅದನ್ನು 'ನನಗೆ' ಎಂದು ಕೇಳುವುದಿಲ್ಲ, 'ನಮಗೆ' ಎಂದು ಕೇಳುತ್ತೇವೆ.

ಈ 'ನಮಗೆ' ಎಂಬ ಪದದಲ್ಲಿ ನಮ್ಮ ಮನೆಗೆಲಸದ ಮಾವಶಿಯೂ ಇದ್ದರು. ಖರ್ಚು ಕಡಿತ ಮಾಡಬೇಕು ಎಂದಾಗ ಮೊದಲು ಬರುವುದು ಅವರ ಹೆಸರೇ ಅಲ್ಲವೇ? ಅವರ ಮಗಳೂ ಶಾಲೆಗೆ ಹೋಗುತ್ತಿದ್ದಳು. ನಾನು, ಯಜಮಾನರು ಕೂತು ಯೋಚಿಸಿ ಎಸ್‌ಐಪಿ ನಿಲ್ಲಿಸಿದೆವು, ಮಾವಶಿಯ ಸಂಬಳ ನಿಲ್ಲಿಸಲಿಲ್ಲ. ಐದನೇ ತಿಂಗಳಲ್ಲಿ, ಇದೇ ಸಂಘದ ಅಕ್ಕ ಒಬ್ಬರು ಮಗನ ಒಂದು ಟರ್ಮ್ ಫೀ ಕಟ್ಟಿದರು. ಕೊಡುವುದಕ್ಕಿಂತ ಕೈಚಾಚಿ ತೆಗೆದುಕೊಳ್ಳುವುದು ನನಗೆ ಹೆಚ್ಚು ಕಷ್ಟವಾಯಿತು.

ಸಂತ ಪೌಲ ಫಿಲಿಪ್ಪಿಯ ಸಭೆಗೆ ಸೆರೆಯಲ್ಲಿದ್ದು ಪತ್ರ ಬರೆದವರು. ಇದ್ದಾಗಲೂ ಇಲ್ಲದಾಗಲೂ ತೃಪ್ತನಾಗಿರಲು ತಾನು ಕಲಿತಿದ್ದೇನೆ ಎನ್ನುತ್ತಾರೆ. 'ಕಲಿತಿದ್ದೇನೆ' ಅಂದರೆ ಹುಟ್ಟಿನಿಂದ ಬಂದದ್ದಲ್ಲ. ಅದೇ ಅಧ್ಯಾಯದಲ್ಲಿ, ಎಪಫ್ರೊದೀತನ ಕೈಯಲ್ಲಿ ಅವರು ಕಳಿಸಿದ ನೆರವು ತಲುಪಿತು, ನನ್ನ ಕಷ್ಟದಲ್ಲಿ ಪಾಲುಗೊಂಡದ್ದು ಒಳ್ಳೆಯದಾಯಿತು ಎಂದೂ ಬರೆಯುತ್ತಾರೆ. ದೇವರ ಮೇಲಿನ ಭರವಸೆಗೂ ಮನುಷ್ಯರ ನೆರವಿಗೂ ಜಗಳವಿಲ್ಲ. ದೇವರು ನಮ್ಮನ್ನು ನೋಡಿಕೊಳ್ಳುವುದು ಬಹಳ ಸಲ ಪಕ್ಕದ ಮನೆಯವರ ಕೈಯಿಂದಲೇ.

ಒಂದು ಎಚ್ಚರಿಕೆಯ ಮಾತು. ಕೃತಜ್ಞತೆ ನಮಗೆ ನಾವೇ ಮಾಡಿಕೊಳ್ಳಬೇಕಾದ ಅಭ್ಯಾಸ. ಹಸಿದವರಿಗೆ, ಬಾಡಿಗೆ ಕಟ್ಟಲಾಗದವರಿಗೆ "ಇರುವುದಕ್ಕೆ ಕೃತಜ್ಞರಾಗಿರಿ" ಎಂದು ಉಪದೇಶ ಮಾಡಬಾರದು. ಅವರಿಗೆ ಬೇಕಾದದ್ದು ಅಕ್ಕಿ, ಕೆಲಸ, ಜೊತೆ.

ನಮ್ಮ ಮನೆಯಲ್ಲಿ ಈಗಲೂ ನಡೆಸಿಕೊಂಡು ಬಂದಿರುವ ಅಭ್ಯಾಸ ಹೇಳಿ ಮುಗಿಸುತ್ತೇನೆ. ರಾತ್ರಿ ಪ್ರಾರ್ಥನೆಯ ಹೊತ್ತಿಗೆ ಒಬ್ಬೊಬ್ಬರೂ ಎರಡು ಮಾತು ಹೇಳಬೇಕು: ಇವತ್ತು ಏನು ಇರಲಿಲ್ಲ, ಇವತ್ತು ಏನು ಸಿಕ್ಕಿತು. ಮೊದಲನೆಯದನ್ನು ಯಾರೂ ಮುಚ್ಚಿಡುವಂತಿಲ್ಲ, ಎರಡನೆಯದನ್ನು ಯಾರೂ ಬಿಡುವಂತಿಲ್ಲ. ಮಗನಿಗೆ ಒಮ್ಮೊಮ್ಮೆ ಎರಡನೆಯದು ಹೊಳೆಯುವುದಿಲ್ಲ. ಆಗ ಕಾಯುತ್ತೇವೆ. ಒಂದು ದಿನ ಬಹಳ ಹೊತ್ತು ಯೋಚಿಸಿ, "ಇವತ್ತು ಅಮ್ಮ ಮನೆಯಲ್ಲಿದ್ದಳು" ಅಂದ.

ನಿಮ್ಮ ಮನೆಯಲ್ಲೂ ಇದನ್ನು ಮಾಡಿ ನೋಡಿ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.