ಹಳೆಯ ಡೀಸೆಲ್ ಕಾರು: ದುರಸ್ತಿಯೋ, ಮಾರ್ಪಾಡೋ?

(ನಮ್ಮ ಬಳಗದ ಮಳೆಗಾಲದ ಶಿಬಿರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ಕಾಡು, ಹೊಳೆ, ಗೋಮಾಳಗಳ ಕುರಿತು ಮಾತನಾಡುವ ಈ ವೇದಿಕೆಯಲ್ಲಿ ಡೀಸೆಲ್ ಕಾರಿನ ಪ್ರಸ್ತಾಪವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಹೊರಗೆ ನಿಂತಿರುವ ವಾಹನಗಳನ್ನೊಮ್ಮೆ ನೋಡಿ. ಬಹುಪಾಲು ಹತ್ತು ವರ್ಷ ದಾಟಿದವು, ಬಹುಪಾಲು ಡೀಸೆಲ್ಲಿನವು. ದಿನಕ್ಕೆ ಎರಡೇ ಬಸ್ಸು ಬರುವ ಊರುಗಳಲ್ಲಿ ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದೂ, ಅಡಿಕೆಯನ್ನು ಮಂಡಿಗೆ ತಲುಪಿಸುವುದೂ ಇವೇ. ಇವುಗಳನ್ನು ನಾಳೆಯೇ ಬಿಟ್ಟುಬಿಡಿ ಎಂದು ಉಪದೇಶಿಸುವುದು ಸುಲಭ, ಪಾಲಿಸುವುದು ಕಷ್ಟ. ಆದ್ದರಿಂದ ಇರುವ ವಾಹನವನ್ನು ಹೇಗೆ ಇಟ್ಟುಕೊಳ್ಳಬೇಕೆಂಬುದೇ ಇಂದಿನ ವಿಷಯ. ನನ್ನದೇ ತಪ್ಪಿನಿಂದ ಆರಂಭಿಸುತ್ತೇನೆ.

ನನ್ನ ಕಾರು 2008ರಲ್ಲಿ ನೋಂದಣಿಯಾದ ಟರ್ಬೊ ಡೀಸೆಲ್. ದಿನವೂ ಒಂದು ಘಟ್ಟ ಹತ್ತಿ ಇಳಿಯುತ್ತದೆ. 2022ರ ಮಳೆಗಾಲದಲ್ಲಿ ಏರಿನಲ್ಲಿ ಅದರ ಶಕ್ತಿ ಕುಗ್ಗಿತು, ಹಿಂದೆ ಕಪ್ಪು ಹೊಗೆ ಕಾಣಿಸಿಕೊಂಡಿತು. ಪೇಟೆಯ ಒಂದು ಗ್ಯಾರೇಜಿನಲ್ಲಿ ಮೂರು ಸಲಹೆ ಕೊಟ್ಟರು: ಇಜಿಆರ್ ಕವಾಟವನ್ನು ಮುಚ್ಚುವುದು, ಹೊಗೆಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ತೆಗೆದುಹಾಕುವುದು, ಇಂಜಿನ್ನಿನ ಕಂಪ್ಯೂಟರಿನಲ್ಲಿ ಲೆಕ್ಕ ಬದಲಿಸಿ ಹೆಚ್ಚು ಡೀಸೆಲ್ ಬಿಡುವುದು. ‘ಎಲ್ಲರೂ ಮಾಡಿಸುತ್ತಾರೆ’ ಎಂದರು. ನಾನೂ ಒಪ್ಪಿದೆ. ಏರು ಸ್ವಲ್ಪ ಸುಲಭವಾಯಿತು. ಹೊಗೆ ಮಾತ್ರ ಇಮ್ಮಡಿಯಾಯಿತು.

ಒಂದು ಸಂಜೆ ಘಟ್ಟದ ತಿರುವಿನಲ್ಲಿ ಶಾಲೆ ಬಿಟ್ಟ ಮಕ್ಕಳು ಕೊಡೆ ಹಿಡಿದು ಸಾಲಾಗಿ ಬರುತ್ತಿದ್ದರು. ಅವರನ್ನು ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದೆ. ಕೊಡೆಗಳು ಕಾಣಲಿಲ್ಲ, ಹೊಗೆಯಷ್ಟೇ ಕಂಡಿತು. ಮುಂದಿನ ವಾರ ಇದೇ ಶಿಬಿರಕ್ಕೆ ಬಂದಿದ್ದ ಹುಡುಗಿಯೊಬ್ಬಳು ಮೆಲ್ಲನೆ ಕೇಳಿದಳು: ‘ಸರ್, ಆ ಕಾರು ನಿಮ್ಮದೇ ಅಲ್ಲವೇ?’ ಆ ದಿನ ನಾನು ಮಾತನಾಡಬೇಕಿದ್ದ ವಿಷಯ ಶುದ್ಧ ಗಾಳಿ. ಆ ಪ್ರಶ್ನೆಗೆ ‘ಹೌದು’ ಎನ್ನುವುದರ ಹೊರತು ನನ್ನಲ್ಲಿ ಬೇರೆ ಉತ್ತರವಿರಲಿಲ್ಲ.

ಬಳಿಕ ಹಿರಿಯ ಮೆಕ್ಯಾನಿಕ್ಕೊಬ್ಬರಲ್ಲಿಗೆ ಹೋದೆ. ಅವರು ಕಂಪ್ಯೂಟರಿಗೆ ಕೈ ಹಚ್ಚಲಿಲ್ಲ. ಟರ್ಬೊದಿಂದ ಇಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಕೊಳವೆಯನ್ನು ಬೆರಳಿನಿಂದ ತಡವುತ್ತ ಹೋದರು. ಹಿಡಿಕೆಯ ಪಟ್ಟಿಯ ಕೆಳಗೆ ಬೆರಳುದ್ದದ ಸೀಳು ಸಿಕ್ಕಿತು. ಗಾಳಿ ಸೋಸುವ ಫಿಲ್ಟರ್ ಮಳೆನೀರಿನಲ್ಲಿ ನೆನೆದು ಮುದ್ದೆಯಾಗಿತ್ತು. ಇಷ್ಟೇ ರೋಗ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ನಾನು ಹಣ ಕೊಟ್ಟು ಬೇರೆಡೆ ಬರೆ ಹಾಕಿಸಿಕೊಂಡಿದ್ದೆ. ಕೊಳವೆ, ಫಿಲ್ಟರ್ ಬದಲಾದವು. ಇಜಿಆರ್ ಕವಾಟವನ್ನು ಬಿಚ್ಚಿ ಮಸಿ ತೊಳೆದು ಮತ್ತೆ ಕೂಡಿಸಿದರು. ಕಂಪ್ಯೂಟರಿನ ಮೂಲ ಲೆಕ್ಕ ಮರಳಿ ಬಂತು. ಕನ್ವರ್ಟರನ್ನು ಹೊಸದಾಗಿಯೇ ಕೊಳ್ಳಬೇಕಾಯಿತು. ಅದರ ಬೆಲೆ ರಬ್ಬರ್ ಕೊಳವೆಯ ಬೆಲೆಗಿಂತ ಹಲವು ಪಟ್ಟು.

ಇನ್ನು ವಿದ್ಯಾರ್ಥಿಗಳಿಗಾಗಿ ಇದರ ಮರ್ಮ. ಇಂಜಿನ್ನಿನಿಂದ ಹೊರಬೀಳುವ ಬಿಸಿ ಅನಿಲದ ರಭಸದಿಂದಲೇ ಟರ್ಬೊ ತಿರುಗುತ್ತದೆ. ಸಣ್ಣ ಕಾರುಗಳಲ್ಲಿ ಅದರ ವೇಗ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಡೀಸೆಲ್ ಪೂರ್ಣವಾಗಿ ಉರಿಯುತ್ತದೆ. ಕೊಳವೆ ಸೀಳಿದರೆ ಗಾಳಿ ಸೋರುತ್ತದೆ, ಅರೆಬೆಂದ ಡೀಸೆಲ್ ಮಸಿಯಾಗಿ ಹೊರಬರುತ್ತದೆ. ಅಂಥ ಸ್ಥಿತಿಯಲ್ಲಿ ಇನ್ನಷ್ಟು ಡೀಸೆಲ್ ಬಿಡುವುದೆಂದರೆ ಗಾಳಿಯಾಡದ ಒಲೆಗೆ ಮತ್ತೆರಡು ಹಸಿ ಸೌದೆ ತುರುಕಿದಂತೆ.

ಹೊಗೆಯ ಬಣ್ಣವನ್ನು ಓದಲು ಕಲಿಯಿರಿ. ಕಪ್ಪು ಹೊಗೆ ಎಂದರೆ ಗಾಳಿಯ ಕೊರತೆ ಅಥವಾ ಡೀಸೆಲ್ಲಿನ ಅತಿರೇಕ. ನೀಲಿ ಹೊಗೆ ಎಂದರೆ ಇಂಜಿನ್ ಎಣ್ಣೆ ಉರಿಯುತ್ತಿದೆ. ಟರ್ಬೊದ ಸೀಲು ಇಲ್ಲವೇ ಪಿಸ್ಟನ್ ಉಂಗುರಗಳು ಸವೆದಿರಬಹುದು. ಇಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಉರಿಯದ ಡೀಸೆಲ್ಲನ್ನೋ, ಒಳಗೆ ಸೇರುತ್ತಿರುವ ರೇಡಿಯೇಟರ್ ನೀರನ್ನೋ ಸೂಚಿಸುತ್ತದೆ.

ಇಜಿಆರ್ ಕವಾಟದ ಕೆಲಸ ಹೊಗೆಯ ಒಂದು ಪಾಲನ್ನು ಮತ್ತೆ ಸಿಲಿಂಡರಿಗೆ ಕಳುಹಿಸಿ ಉರಿಯ ತಾಪವನ್ನು ತಗ್ಗಿಸುವುದು. ಇದರಿಂದ ನೈಟ್ರೋಜನ್ ಆಕ್ಸೈಡುಗಳು ಕಡಿಮೆಯಾಗುತ್ತವೆ. ಕನ್ವರ್ಟರು ಇಂಗಾಲದ ಮಾನಾಕ್ಸೈಡನ್ನೂ ಅರೆಬೆಂದ ಇಂಧನದ ಅನಿಲಗಳನ್ನೂ ಉತ್ಕರ್ಷಿಸುತ್ತದೆ. ಇವೆರಡೂ ಕಾರಿನ ಒಡೆಯನಿಗಾಗಿ ಇಟ್ಟವಲ್ಲ. ಹಿಂದೆ ನಡೆದು ಬರುವವರಿಗಾಗಿ ಇಟ್ಟವು. ಆದ್ದರಿಂದಲೇ ಅವನ್ನು ತೆಗೆದಾಗ ಒಡೆಯನಿಗೆ ನಷ್ಟ ತಿಳಿಯುವುದಿಲ್ಲ. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ವರ್ಗೀಕರಿಸಿತು.

‘ಹೊಗೆ ತಪಾಸಣೆಯ ಪ್ರಮಾಣಪತ್ರ ನಮ್ಮಲ್ಲಿದೆಯಲ್ಲ’ ಎಂದು ಕೆಲವರು ಹೇಳುತ್ತಾರೆ. ಡೀಸೆಲ್ ವಾಹನದ ಆ ತಪಾಸಣೆ ಅಳೆಯುವುದು ಹೊಗೆಯ ಸಾಂದ್ರತೆಯನ್ನು ಮಾತ್ರ. ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡುಗಳ ಬಗ್ಗೆ ಅದು ಮೌನವಾಗಿದೆ. ಮೋಟಾರು ವಾಹನ ಕಾಯಿದೆಯ 52ನೇ ವಿಧಿಯು ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯು ಕಾನೂನುಬಾಹಿರ ಮಾರ್ಪಾಡಿಗೆ ತಲಾ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ಸೂಚಿಸಿತು. ಆದರೆ ಘಟ್ಟದ ತಿರುವಿನಲ್ಲಿ ಕಾನೂನು ಕಾವಲಿಗೆ ನಿಂತಿರುವುದಿಲ್ಲ. ಅಲ್ಲಿ ಮಕ್ಕಳು ನಿಂತಿರುತ್ತಾರೆ.

ಹಾಗಾದರೆ ಹಳೆಯ ಕಾರನ್ನು ಮುಟ್ಟಲೇಬಾರದೇ? ಮುಟ್ಟಬೇಕು, ಆದರೆ ಕ್ರಮವರಿತು. ಇಂಜಿನ್ ಎಣ್ಣೆಯನ್ನು ಸಕಾಲದಲ್ಲಿ ಬದಲಿಸಿ. ಟರ್ಬೊದ ದಂಡ ತೇಲುವುದೇ ಆ ಎಣ್ಣೆಯ ತೆಳುಪದರದ ಮೇಲೆ. ಘಟ್ಟ ಹತ್ತಿದೊಡನೆ ಇಂಜಿನ್ ನಿಲ್ಲಿಸದೆ ಅರೆ ನಿಮಿಷವೋ ಒಂದು ನಿಮಿಷವೋ ಸಾವಕಾಶವಾಗಿ ಓಡಲು ಬಿಡಿ. ಇಲ್ಲವಾದರೆ ಕಾದ ದಂಡದ ಸುತ್ತ ಎಣ್ಣೆ ಸುಟ್ಟು ಕರಿಗಟ್ಟುತ್ತದೆ. ಮಳೆಗಾಲಕ್ಕೆ ಮೊದಲು ಗಾಳಿ ಫಿಲ್ಟರ್ ನೋಡಿ. ಡೀಸೆಲ್ ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ಇಳಿಸಿ. ಕಾರಿನ ತಳದ ಕೆಸರು ತೊಳೆದು, ಬಾಗಿಲಿನಡಿಯ ನೀರಿಳಿಯುವ ರಂಧ್ರಗಳನ್ನು ಬಿಡಿಸಿ, ತುಕ್ಕು ನಿರೋಧಕ ಲೇಪ ಹಚ್ಚಿಸಿ. ಇಲಿ ನುಗ್ಗುವ ಕಡೆ ತಂತಿಬಲೆ ಕಟ್ಟಿ. ಇವೂ ಮಾರ್ಪಾಡುಗಳೇ, ಆದರೆ ಯಾರ ಉಸಿರನ್ನೂ ಕಸಿಯದವು.

ಬಿಟ್ಟ ಎಣ್ಣೆಯ ಮಾತು ಬಹು ಮುಖ್ಯ. ಅದನ್ನು ಬೇಲಿಗೂಟಕ್ಕೆ ಗೆದ್ದಲು ಹಿಡಿಯದಂತೆ ಬಳಿಯುವುದು, ಉಳಿದದ್ದನ್ನು ಹಳ್ಳದ ದಂಡೆಗೆ ಚೆಲ್ಲುವುದು ನಮ್ಮಲ್ಲಿ ರೂಢಿ. ನಮ್ಮ ಹಳ್ಳಗಳೇ ಕೆಳಗಿನ ಊರುಗಳ ಕುಡಿಯುವ ನೀರು. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಮುಚ್ಚಳವಿರುವ ಡಬ್ಬದಲ್ಲಿ ಶೇಖರಿಸಿ, ಅಧಿಕೃತವಾಗಿ ಸಂಗ್ರಹಿಸುವವರಿಗೇ ಕೊಡಿ.

ಹೊಂಗೆ ಎಣ್ಣೆಯನ್ನು ನೇರವಾಗಿ ಹಾಕಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. 1990ರ ದಶಕದ ಕೊನೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರುಗಳನ್ನು ನಡೆಸಿ ತೋರಿಸಿದ್ದರು. ಅದು ನಮ್ಮ ನಾಡಿನ ಹೆಮ್ಮೆಯ ಪ್ರಯೋಗ. ಆದರೆ ಸಮವೇಗದಲ್ಲಿ ಓಡುವ ಜನರೇಟರ್ ಬೇರೆ, ಕಾಮನ್ ರೈಲ್ ಕಾರು ಬೇರೆ. ಇಲ್ಲಿ ಡೀಸೆಲ್ಲು ಸಾವಿರ ವಾಯುಭಾರಕ್ಕೂ ಮೀರಿದ ಒತ್ತಡದಲ್ಲಿ ಅತಿಸೂಕ್ಷ್ಮ ರಂಧ್ರಗಳಿಂದ ಚಿಮ್ಮುತ್ತದೆ. ಸಂಸ್ಕರಿಸದ ಮಂದ ಎಣ್ಣೆ ಅಲ್ಲಿ ಅಂಟುಗಟ್ಟಿ ಇಂಜೆಕ್ಟರುಗಳನ್ನು ಕೆಡಿಸುತ್ತದೆ.

ಕೊನೆಯದಾಗಿ ಒಂದು ಎಚ್ಚರ. ದುರಸ್ತಿಯಾದ ಕಾರು ಪರಿಸರಸ್ನೇಹಿ ಎಂದು ನಾನು ಹೇಳುತ್ತಿಲ್ಲ. ಎಷ್ಟೇ ಚೊಕ್ಕವಾಗಿ ಉರಿದರೂ ಒಂದು ಲೀಟರ್ ಡೀಸೆಲ್ ಸುಮಾರು 2.6 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಹೊಸ ಕಾರಿನ ತಯಾರಿಕೆಗೂ ಉಕ್ಕು, ವಿದ್ಯುತ್ತು, ಗಣಿಯ ಮಣ್ಣು ಬೇಕು. ಆದ್ದರಿಂದ ಚೆನ್ನಾಗಿರುವ ಹಳೆಯದನ್ನು ಕಾಪಾಡುವುದರಲ್ಲಿ ಅರ್ಥವಿದೆ. ಆದರೆ ಅದನ್ನು ಕಡಿಮೆ ಓಡಿಸುವುದರಲ್ಲಿ, ಪೇಟೆಗೆ ಹೋಗುವ ನಾಲ್ವರು ಒಂದೇ ಕಾರಿನಲ್ಲಿ ಹೋಗುವುದರಲ್ಲಿ, ಮೂರನೆಯ ಬಸ್ಸಿಗಾಗಿ ಒಟ್ಟಾಗಿ ಅರ್ಜಿ ಬರೆಯುವುದರಲ್ಲಿ ಇನ್ನೂ ಹೆಚ್ಚಿನ ಅರ್ಥವಿದೆ. ಚಾಸಿ ತುಕ್ಕು ತಿಂದು ಟೊಳ್ಳಾದರೆ, ಏನು ಮಾಡಿದರೂ ಹೊಗೆ ನಿಲ್ಲದಿದ್ದರೆ, ಮಮತೆ ಬಿಟ್ಟು ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ.

ಗ್ಯಾರೇಜಿನಲ್ಲಿ ಯಾರಾದರೂ ಏನನ್ನಾದರೂ ತೆಗೆದುಹಾಕೋಣ ಎಂದಾಗ ಒಂದೇ ಪ್ರಶ್ನೆ ಕೇಳಿರಿ: ಇದನ್ನು ಯಾರಿಗಾಗಿ ಇಟ್ಟಿದ್ದರು? ಕೆಟ್ಟದ್ದನ್ನು ಮೊದಲಿನಂತೆ ಮಾಡುವುದು ದುರಸ್ತಿ. ಇತರರ ಪಾಲಿನದನ್ನು ಕಿತ್ತು ನಮ್ಮ ವೇಗಕ್ಕೆ ಸೇರಿಸಿಕೊಳ್ಳುವುದು ದುರಸ್ತಿಯಲ್ಲ.

ಆ ಹುಡುಗಿ ಇಂದೂ ಸಭೆಯಲ್ಲಿದ್ದಾಳೆ. ಸಂಜೆ ಮನೆಗೆ ಹಿಂದಿರುಗುವಾಗ ಘಟ್ಟದ ಅದೇ ತಿರುವಿನಲ್ಲಿ ನನ್ನ ಕಾರಿನ ಹಿಂದೆ ನಿಂತು ನೋಡಲು ಅವಳಿಗೆ ಹೇಳಿದ್ದೇನೆ. ನೀವೂ ನೋಡಬಹುದು.