ಎತ್ತಿನ ಮೈಯೊಳಗಣ ಗುಡಾಣ



ರಾಗಿಯನ್ನು ಒಕ್ಕಿ ಹಸನುಮಾಡಿದ ಬಳಿಕ ರೈತನು ಸ್ವಲ್ಪವನ್ನು ಮನೆಯ ಗುಡಾಣಕ್ಕೂ ಉಳಿದುದನ್ನು ಹಗೇವಿಗೂ ತುಂಬುತ್ತಿದ್ದನು. ನಿತ್ಯದ ಖರ್ಚು ಗುಡಾಣದಿಂದಲೇ ನಡೆಯುತ್ತಿತ್ತು. ಆತನ ಎತ್ತಿನ ಮೈಯೊಳಗೂ ಇಂತಹುದೇ ಏರ್ಪಾಡು ಉಂಟು. ಕೊಬ್ಬು ಅದರ ಹಗೇವು. ಗ್ಲೈಕೋಜನ್ ಎಂಬ ಪಿಷ್ಟರೂಪವಾದ ಪದಾರ್ಥವು ಅದರ ಗುಡಾಣ. ಈ ಪದಾರ್ಥವನ್ನು 1857ನೆಯ ಇಸವಿಯಲ್ಲಿ ಯಕೃತ್ತಿನಿಂದ ಬೇರ್ಪಡಿಸಿ ತೋರಿಸಿದವನು ಫ್ರಾನ್ಸ್ ದೇಶದ ಕ್ಲೋಡ್ ಬರ್ನಾರ್ಡ್ ಎಂಬ ವಿದ್ವಾಂಸನು.

ಗ್ಲೈಕೋಜನ್ ಯಕೃತ್ತಿನಲ್ಲಿಯೂ ಮಾಂಸಖಂಡಗಳಲ್ಲಿಯೂ ಶೇಖರವಾಗುವುದು. ಯಕೃತ್ತಿನಲ್ಲಿರುವುದು ಸಕ್ಕರೆಯಾಗಿ ರಕ್ತಕ್ಕೆ ಇಳಿದು ಮೈಗೆಲ್ಲಾ ಸಲ್ಲುವುದು. ಮಾಂಸಖಂಡದ್ದಾದರೋ ಹಾಗಲ್ಲ, ಹೆಗಲಿನ ಖಂಡವು ತನ್ನಲ್ಲಿರುವುದನ್ನು ಸಕ್ಕರೆಯಾಗಿ ಕಾಲಿಗೆ ಕಡಕೊಡಲಾರದು. ಇದು ತನ್ನ ತೂಕದ ಸುಮಾರು 3ರಷ್ಟು ನೀರನ್ನು ಹಿಡಿದುಕೊಂಡಿರುವುದರಿಂದ ಬಹಳವಾಗಿ ಕೂಡಿಡುವುದಕ್ಕೂ ಬರುವುದಿಲ್ಲ. ಗುಡಾಣವು ಚಿಕ್ಕದು.

ಅದು ತುಂಬುವ ಬಗೆಯೂ ಎತ್ತಿನಲ್ಲಿ ಬೇರೆ. ಮನುಷ್ಯನು ಉಂಡ ಮುದ್ದೆಯು ಜೀರ್ಣವಾಗಿ ಸಕ್ಕರೆಯಾಗಿಯೇ ರಕ್ತವನ್ನು ಸೇರುವುದು. ಎತ್ತು ತಿಂದ ಹುಲ್ಲು ಹೊಟ್ಟೆಯ ಮೊದಲನೆಯ ಕೋಣೆಯಲ್ಲಿ ಸೂಕ್ಷ್ಮಜೀವಿಗಳಿಂದ ಹುದುಗಿ ಹಲವು ಆಮ್ಲಗಳಾಗುವುದು. ಅವುಗಳಲ್ಲಿ ಮುಖ್ಯವಾಗಿ ಪ್ರೊಪಿಯಾನಿಕ್ ಆಮ್ಲದಿಂದ ಯಕೃತ್ತು ಸಕ್ಕರೆಯನ್ನು ಮಾಡಿಕೊಳ್ಳಬೇಕು. ಬರಿಯ ಒಣಹುಲ್ಲಿನಿಂದ ಈ ಆಮ್ಲವು ಕಡಮೆಯಾಗಿಯೂ ಕಾಳಿನಿಂದ ಹೆಚ್ಚಾಗಿಯೂ ಹುಟ್ಟುವುದು. ಈ ಕಾರಣದಿಂದ ಬಹಳ ದಣಿದ ಎತ್ತಿನ ಖಂಡಗಳು ಒಂದು ರಾತ್ರಿಯಲ್ಲಿ ತುಂಬಿಕೊಳ್ಳಲಾರವು. ಕೆಲವು ದಿನಗಳೇ ಹಿಡಿಯುವುದುಂಟು. ಬೆಳಗ್ಗೆ ನೊಗದಡಿಯಲ್ಲಿ ಎತ್ತು ನಿಂತುಬಿಟ್ಟರೆ ಅದನ್ನು ಮೈಗಳ್ಳನೆಂದು ಬಾರುಕೋಲಿನಿಂದ ಹೊಡೆಯುವುದು ವಾಡಿಕೆಯಾಗಿದೆ. ಅನೇಕ ವೇಳೆ ಅದು ಕಳ್ಳತನವಲ್ಲ, ಬರಿದಾದ ಗುಡಾಣ. ಎರಡು ಜೋಡಿಯುಳ್ಳವರು ಸರದಿಯ ಮೇಲೆ ಹೂಡುವುದು ಲೇಸು. ಒಂದೇ ಜೋಡಿಯುಳ್ಳವರು ಗಟ್ಟಿನೆಲದ ಉಳುಮೆಯ ಮಾರನೆಯ ದಿನ ಹಗುರವಾದ ಕೆಲಸವನ್ನು ಇಟ್ಟುಕೊಳ್ಳಬಹುದು.

ಹಾಗೆಂದು ಉಳುಮೆ ಬಂದಾಗ ಒಮ್ಮೆಲೇ ಮೊರದ ತುಂಬ ಕಾಳು ಸುರಿಯುವುದು ಅಪಾಯಕರ. ರೂಢಿಯಿಲ್ಲದ ಕಾಳು ಹೊಟ್ಟೆಯಲ್ಲಿ ಅತಿಯಾಗಿ ಹುಳಿತು, ಮೆಲುಕು ನಿಂತು, ಭೇದಿಯಾಗಿ, ಎತ್ತು ನೆಲಹಿಡಿದು ಸಾಯುವುದೂ ಉಂಟು. ಹಬ್ಬದ ದಿನ ಪ್ರೀತಿಯಿಂದ ಬಡಿಸಿದ ಅನ್ನದ ರಾಶಿಯೂ ಇದೇ ಕೆಡುಕನ್ನು ಮಾಡುವುದು. ಹುರುಳಿಯಾಗಲಿ ಇತರ ಕಾಳಾಗಲಿ, ಮಳೆಗೆ ಎರಡು ವಾರ ಮುಂಚಿನಿಂದ ಹಿಡಿಹಿಡಿಯಾಗಿ ಏರಿಸುತ್ತ ಬರತಕ್ಕುದು; ಹುಲ್ಲನ್ನು ಮಾತ್ರ ತಪ್ಪಿಸಬಾರದು. ಕಣದಲ್ಲಿ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುವುದನ್ನು ಜಿಪುಣತನವೆಂದು ಹಾಸ್ಯಮಾಡುವವರುಂಟು. ಅದರಿಂದ ಉಳಿದ ಎತ್ತುಗಳೆಷ್ಟೋ. ಕುಕ್ಕೆ ಕಳಚಿ ಎತ್ತು ರಾಶಿಗೆ ಬಾಯಿಹಾಕಿ ಹೊಟ್ಟೆತುಂಬ ತಿಂದಿದ್ದಲ್ಲಿ, ಮೆಲುಕು ನಿಲ್ಲುವವರೆಗೆ ಕಾಯದೆ ಅಂದೇ ಪಶುವೈದ್ಯರಿಗೆ ಹೇಳಿಕಳುಹಿಸತಕ್ಕುದು.